ಬಾಯಲ್ಲಿ ಹೇಳಬಾರದ ಊರು

ಗಂಜಾಂ ಗುಡಿಯ ಮುಂದೆ ಹೂವು ಮಾರುವ ಚಿಕ್ಕಬೋರಮ್ಮ ತೊಂಬತ್ನಾಲ್ಕನೇ ಇಸವಿಯಲ್ಲಿ ಒಂದು ದಿನ ತಂಗಿಯನ್ನು ನೋಡಲು ಹೊರಟಳು. ತಂಗಿಗೆ ಹೊಟ್ಟೆಯ ಆಪರೇಷನ್ ಆಗಿ ಐದು ದಿನವಾಗಿತ್ತು, ಮನೆಯಲ್ಲಿ ಗಂಜಿ ಕಾಯಿಸಿ ಕೊಡುವವರಿಲ್ಲ. ಪಾಂಡವಪುರದಲ್ಲಿ ನಾಗಮಂಗಲದ ಬಸ್ಸು ಹತ್ತಿದಳು. ಯಾವಾಗಲೂ ಬರುವ ಕಂಡಕ್ಟರು ಅವಳ ಮುಖ ನೋಡಿಯೇ ಟಿಕೆಟ್ಟು ಹರಿಯುತ್ತಿದ್ದ. ಇವತ್ತಿನವನು ಹೊಸಬ.

"ಎಲ್ಲಿಗಮ್ಮ?"

"ನಮ್ಮೆಜಮಾನ್ರ ಹೆಸ್ರಿನ್ ಊರು ಕಣಪ್ಪ."

"ನಿಮ್ಮೆಜಮಾನ್ರು ಯಾರು ಅಂತ ನಂಗೇನ್ ಕನ್ಸ್ ಬಿದ್ದಿತ್ತಾ?"

ಬಸ್ಸೆಲ್ಲ ನಕ್ಕಿತು. ಒಬ್ಬ ಸಿದ್ದೇಗೌಡನಹಳ್ಳಿ ಅಂದ, ಇನ್ನೊಬ್ಬ ಮಲ್ಲೇನಹಳ್ಳಿ ಅಂದ. ಅವಳು ಅಲ್ಲ ಅಲ್ಲವೆಂದು ತಲೆಯಾಡಿಸಿದಳು. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆಂದು ಅವ್ವ ಕಲಿಸಿದ್ದಳು. ಆ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಇವಳನ್ನು ಆಚೆಗೆ ತಳ್ಳಿ ಹದಿನೆಂಟು ವರ್ಷ. ಆದರೂ ಅವನ ಆಯಸ್ಸು ಇವಳ ನಾಲಿಗೆಯ ಮೇಲೇ ಕೂತಿತ್ತು.

ಇಷ್ಟನ್ನು ಅವಳ ಬಾಯಿಂದಲೇ ಕೇಳಿದ ಪಕ್ಕದ ಮುದುಕಿಗೆ ರೇಗಿತು. "ಬುಟ್ಟೋದೋನ್ ಆಯಸ್ಸ ನೀನ್ಯಾಕಮ್ಮಿ ಕಾಯ್ತಾ ಕೂತಿದ್ದೀಯೆ?"

ಅಷ್ಟರಲ್ಲಿ ತಂಗಿಯ ಊರಿನ ಅರಳಿಮರ ಕಿಟಕಿಯಲ್ಲಿ ಹಿಂದಕ್ಕೆ ಸರಿಯಿತು. ಡ್ರೈವರು ನಿಲ್ಲಿಸಲಿಲ್ಲ. ಮುಂದಿನ ಸ್ಟಾಪು ಮೂರು ಮೈಲಿ ಆಚೆ. ಚಿಕ್ಕಬೋರಮ್ಮ ಎದ್ದು ನಿಂತು ಕಿರುಚಿದಳು.

"ಕಾಳೇಗೌಡನ ಕೊಪ್ಪಲು! ನಿಲ್ಸ್ಲಾ!"

ಬಸ್ಸು ನಿಂತಿತು.

ತಂಗಿಗೆ ಗಂಜಿ ಕುಡಿಸುತ್ತ ಇದನ್ನೆಲ್ಲ ಹೇಳಿ, "ಅವ್ನಿಗೇನಾದ್ರೂ ಆಗ್ಬುಟ್ರೆ?" ಎಂದು ಸಣ್ಣ ದನಿಯಲ್ಲಿ ಕೇಳಿದಳು.

ತಂಗಿ ಹೊಟ್ಟೆ ಹಿಡಿದುಕೊಂಡಳು. "ನಗಿಸ್ಬ್ಯಾಡ ಕಣಕ್ಕ, ಹೊಲ್ಗೆ ಕಿತ್ತೋಯ್ತದೆ. ಆಗೋದಾದ್ರೆ ಆಗ್ಲಿ ಬುಡು. ಎಲ್ಲಿ, ಅವ್ನ್ ಹೆಸ್ರ ಇನ್ನೊಂದ್ಸಲ ಯೋಳು."