ಹೊಣೆಗೊಂದು ಹೆಸರು ಬೇಕು

ಜೆಪ್ಪುವಿನ ಹೆಂಚಿನ ಕಾರ್ಖಾನೆಯಲ್ಲಿ ಕಿನ್ನಿಯಕ್ಕನ ಎದುರು ವಾದಿಸಿ ಗೆದ್ದವರು ಯಾರೂ ಇರಲಿಲ್ಲ. ಸೋತವರು ಮಾತ್ರ ಬೇಕಾದಷ್ಟು ಜನ ಇದ್ದರು: ಇಬ್ಬರು ಮೇಸ್ತ್ರಿಗಳು, ಒಬ್ಬ ಮ್ಯಾನೇಜರ್, ಬಾವಿಯ ತಕರಾರು ತೆಗೆದ ನೆರೆಮನೆಯವನು. ಸಾವಿರದ ಒಂಬೈನೂರ ನಲವತ್ತರಲ್ಲಿ ಆ ಪಟ್ಟಿಗೆ ಬಿಲಾತಿಯ ಒಂದು ವಿಶ್ವವಿದ್ಯಾಲಯವೂ ಸೇರಿತು.

ಅವಳ ಹಟಕ್ಕೆ ಒಂದು ಹಳೆಯ ಕಥೆ ಇದೆ. ಹಸಿ ಹೆಂಚನ್ನು ತಲೆಯ ಮೇಲೆ ಹೊತ್ತು ಭಟ್ಟಿಯ ಒಳಗೆ ಜೋಡಿಸುವುದು ಹೆಂಗಸರ ಕೆಲಸ. ಜೋಡಿಸಿ ಮುಗಿದ ಮೇಲೆ ಬಾಗಿಲಿಗೆ ಇಟ್ಟಿಗೆ ಇಟ್ಟು, ಮಣ್ಣು ಮೆತ್ತಿ, ಬೆಂಕಿ ಹಾಕುತ್ತಾರೆ. ಕಿನ್ನಿ ಇಪ್ಪತ್ತರ ಹುಡುಗಿಯಾಗಿದ್ದಾಗ ಒಂದು ದಿನ ಮೇಸ್ತ್ರಿ, ಎಲ್ಲರೂ ಹೊರಗೆ ಬಂದಾಯಿತು, ಮುಚ್ಚಿ ಎಂದ.

"ಹೋದದ್ದು ಹನ್ನೆರಡು ಜನ, ಬಂದದ್ದು ಹನ್ನೊಂದು," ಎಂದಳು ಕಿನ್ನಿ.

"ನೀನು ನನಗೆ ಲೆಕ್ಕ ಕಲಿಸುದು ಬೇಡ."

ಅವಳು ಹೋಗಿ ಭಟ್ಟಿಯ ಬಾಗಿಲಲ್ಲೇ ಕೂತುಬಿಟ್ಟಳು. "ಹಾಗಾದ್ರೆ ನನ್ನನ್ನೂ ಸೇರಿಸಿ ಮುಚ್ಚಿ."

ಬೈದರು, ಕೂಲಿ ಕೊಡುವುದಿಲ್ಲವೆಂದರು, ಎಳೆಯಲು ಬಂದರು. ಅವಳು ಅಲುಗಲಿಲ್ಲ. ಕೊನೆಗೆ ಒಳಗೆ ಹೋಗಿ ನೋಡಿದರೆ ಜ್ವರ ಬಂದಿದ್ದ ಮುದ್ದು ಎಂಬ ಹೆಂಗಸು ಹೆಂಚಿನ ಸಾಲಿನ ಹಿಂದೆ ಮುದುಡಿ ಮಲಗಿ ನಿದ್ದೆ ಹೋಗಿದ್ದಳು. ಅಂದಿನಿಂದ ಕಿನ್ನಿ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಹೆಸರು ಕರೆದು, ಓ ಎನಿಸಿಕೊಂಡ ಮೇಲೆಯೇ ಆ ಕಾರ್ಖಾನೆಯಲ್ಲಿ ಭಟ್ಟಿ ಮುಚ್ಚುವುದು. ತಲೆ ಎಣಿಸುವವರು ತಪ್ಪುತ್ತಾರೆ, ಹೆಸರು ಕರೆಯುವವರು ತಪ್ಪುವುದಿಲ್ಲ ಎಂದು ಅವಳ ವಾದ.

ಇಂಥವಳ ಒಬ್ಬನೇ ಮಗ ಬೋಜ. ಓದಿನಲ್ಲಿ ಚುರುಕು. ಮದ್ರಾಸ್ ಸರಕಾರದ ಸ್ಕಾಲರ್‌ಶಿಪ್ ಸಿಕ್ಕಿ, ಮಣ್ಣು ಸುಡುವ ಶಾಸ್ತ್ರ ಕಲಿಯಲು ಬಿಲಾತಿಗೆ ಹೋದ. ಮಣ್ಣು ಸುಡುವುದನ್ನು ಕಲಿಯಲು ಜೆಪ್ಪು ಬಿಟ್ಟು ಏಳು ಸಮುದ್ರ ದಾಟಬೇಕೇ ಎಂದು ಊರವರು ನಕ್ಕರು. ಕಿನ್ನಿಯೂ ನಕ್ಕಳು, ಆಮೇಲೆ ಒಳಗೆ ಹೋಗಿ ಅತ್ತಳು. ಹುಡುಗ ಹೋದ ಮರುವರ್ಷವೇ ಯುದ್ಧ ಶುರುವಾಯಿತು.

ನಲವತ್ತರ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಕಾಗದ ಬಂತು. ಕಾರ್ಖಾನೆಯ ರೈಟರ್ ಬೊನಿಫಾಸ್, ಕಿನ್ನಿಯ ಬಾಯಲ್ಲಿ ಪೊರ್ಬುಗಳು, ಇಂಗ್ಲಿಷ್ ಬಲ್ಲವರು. ಮಧ್ಯಾಹ್ನದ ಗಂಜಿಯ ಬಿಡುವಿನಲ್ಲಿ ಅದನ್ನು ಓದಿ ಹೇಳಿದರು. ಪರದೇಶದ ವಿದ್ಯಾರ್ಥಿಗಳ ಸುರಕ್ಷತೆಯೇ ವಿಶ್ವವಿದ್ಯಾಲಯದ ಪರಮ ಕಾಳಜಿ. ಆದ್ದರಿಂದ ಇಪ್ಪತ್ತೊಂದು ತುಂಬದವರ ತಂದೆಯವರು ಎರಡರಲ್ಲಿ ಒಂದು ಕಡೆ ರುಜು ಹಾಕಿ, ಮುಂದಿನ ತಿಂಗಳ ಕೊನೆಯೊಳಗೆ ಸರಕಾರದ ಮೂಲಕ ತಿಳಿಸಬೇಕು. ಒಂದು, ಹುಡುಗನನ್ನು ಹಡಗಿನಲ್ಲಿ ಊರಿಗೆ ಕಳಿಸುವುದು. ಹತ್ತಿದ ಮೇಲೆ ವಿಶ್ವವಿದ್ಯಾಲಯ ಹೊಣೆಯಲ್ಲ. ಎರಡು, ಅಲ್ಲೇ ಇಟ್ಟುಕೊಳ್ಳುವುದು. ಬಾಂಬು ಬಿದ್ದರೆ ವಿಶ್ವವಿದ್ಯಾಲಯ ಹೊಣೆಯಲ್ಲ.

"ಅಳಿಯ ಅಲ್ಲ, ಮಗಳ ಗಂಡ," ಎಂದಳು ಕಿನ್ನಿ. "ಎರಡೂ ಒಂದೇ ಅಲ್ವಾ ಪೊರ್ಬುಗಳೇ? ಇದರಲ್ಲಿ ಕಾಳಜಿ ಎಲ್ಲಿ ಉಂಟು?"

"ಮೇಲಿನ ಸಾಲಿನಲ್ಲಿ ಉಂಟು ಕಿನ್ನಿಯಕ್ಕ," ಎಂದು ಬೊನಿಫಾಸ್ ತೋರಿಸಿದರು.

ಅದೇ ಟಪ್ಪಾಲಿನಲ್ಲಿ ಬೋಜನ ಕಾಗದವೂ ಇತ್ತು. ಇನ್ನು ಒಂದೇ ವರ್ಷ ಬಾಕಿ, ಈಗ ಬಂದರೆ ಸ್ಕಾಲರ್‌ಶಿಪ್ಪೂ ಹೋಯಿತು, ಓದೂ ಹೋಯಿತು, ನನ್ನನ್ನು ಕರೆಸಬೇಡ ಎಂದು ಬರೆದಿದ್ದ. ಕೆಳಗೆ, ಆದರೆ ನೀನು ಬಾ ಎಂದರೆ ಬರುತ್ತೇನೆ ಅಮ್ಮ ಎಂದು ಸೇರಿಸಿದ್ದ. ಆ ಕೊನೆಯ ಸಾಲನ್ನು ಕಿನ್ನಿ ಇನ್ನೊಮ್ಮೆ ಓದಿಸಿದಳು. ಬಾ ಎಂದುಬಿಡಲು ಅವಳಿಗೆ ಎಷ್ಟು ಹೊತ್ತು ಬೇಕಿತ್ತು? ಆದರೆ ಹಡಗು ಮುಳುಗಿದ ಸುದ್ದಿ ಪೇಪರಿನಲ್ಲಿ ವಾರ ವಾರ ಬರುತ್ತಿತ್ತು. ಅತ್ತ ದರಿ, ಇತ್ತ ಪುಲಿ. ಮಗನನ್ನು ದರಿಗೆ ತಳ್ಳಲೇ, ಪುಲಿಯ ಬಾಯಿಗೆ ಕೊಡಲೇ ಎಂದು ಕೇಳುವ ಕಾಗದಕ್ಕೆ ಅವಳು ರುಜು ಹಾಕಲಿಲ್ಲ.

ಹಾಕಿದವನು ಅವಳ ಗಂಡ ಲೋಕಯ್ಯ. ಕಂಕನಾಡಿಯಲ್ಲಿ ಜೀನಸಿನ ಅಂಗಡಿ, ಅಲ್ಲೇ ಅವನ ತಾಯಿಮನೆ, ಅಳಿಯಕಟ್ಟಿನ ಪದ್ಧತಿಯಂತೆ ವಾಸವೂ ಅಲ್ಲೇ. ಮನುಷ್ಯ ಕೆಟ್ಟವನಲ್ಲ, ಆದರೆ ಸರಕಾರದ ಮುದ್ರೆ ಕಂಡರೆ ಸಾಕು, ಕೈ ತಾನಾಗಿ ಜೋಡಿಸಿಕೊಳ್ಳುತ್ತಿತ್ತು. ಜಿಲ್ಲಾ ಕಚೇರಿಯಿಂದ ತಂದೆಗೆ ಕರೆ ಬಂತು. ಸಾಹೇಬರು ತೋರಿಸಿದ ಕಡೆ, ಹಡಗಿನಲ್ಲಿ ಕಳಿಸುವುದು ಎಂಬ ಚೌಕದಲ್ಲಿ, ರುಜು ಹಾಕಿ ಬಂದ. ಸುದ್ದಿ ಕೇಳಿದ ಕಿನ್ನಿ ಮರುದಿನ ಕೆಲಸಕ್ಕೆ ಹೋಗಲಿಲ್ಲ. ಬೊನಿಫಾಸರನ್ನು ಹೊರಡಿಸಿಕೊಂಡು ನೇರ ಕಚೇರಿಗೆ ಹೋದಳು.

"ತಂದೆಯ ರುಜು ಆಗಿದೆಯಲ್ಲಮ್ಮ, ಇನ್ನೇನು?" ಎಂದರು ಸಾಹೇಬರು.

"ನಮ್ಮದು ಅಳಿಯಕಟ್ಟು. ಮಗ ತಾಯಿಯ ಕುಟುಂಬಕ್ಕೆ ಸೇರಿದವ. ಆ ಕುಟುಂಬಕ್ಕೆ ಯಜಮಾನಿ ನಾನು."

"ಬಿಲಾತಿಯವರು ಕೇಳಿದ್ದು ತಂದೆಯನ್ನು."

"ಬಾವಿಯ ತಕರಾರಿಗೆ ಸಮನ್ಸ್ ಕಳಿಸಿದ್ದು ಯಾರಿಗೆ ಸ್ವಾಮೀ? ಲೋಕಯ್ಯನಿಗಾ? ನನಗೆ. ಕಟಕಟೆಯಲ್ಲಿ ನಿಲ್ಲಿಸುವಾಗ ನಾನು ಯಜಮಾನಿ, ಮಗನ ಪ್ರಾಣದ ಮಾತು ಬಂದಾಗ ಅಲ್ವಾ?"

ಗುಮಾಸ್ತರು ಬರೆಯುವುದನ್ನು ನಿಲ್ಲಿಸಿದರು. ಸಾಹೇಬರು ಮೂಗಿನ ಮೇಲಿನ ಕನ್ನಡಕ ತೆಗೆದು ಒರೆಸಿದರು. ಅಳಿಯಕಟ್ಟಿನ ಕಾನೂನು ಅವರಿಗೂ ಗೊತ್ತಿತ್ತು.

"ಆಯಿತು, ನೀವೇ ಹೇಳಿ. ಕಳಿಸುವುದಾ, ಇಡುವುದಾ?"

"ಮೊದಲು ನಾನು ಕೇಳಿದ್ದಕ್ಕೆ ಅವರು ಹೇಳ್ಲಿ. ಹಡಗಿಗೆ ಹತ್ತಿಸಿದ್ರೆ ಯಾವ ಬಂದರಿನವರೆಗೆ ಅವನ ಜೊತೆ ಯಾರು ಇರ್ತಾರೆ? ಅಲ್ಲೇ ಇಟ್ರೆ, ಬಾಂಬಿನ ಗಂಟೆ ಹೊಡೆದಾಗ ಅವನ ಹೆಸರು ಕರೆಯುವವರು ಯಾರು? ಓ ಅನ್ನದಿದ್ರೆ ಹುಡುಕಲಿಕ್ಕೆ ಹೋಗುವವರು ಯಾರು? ವಿಶ್ವವಿದ್ಯಾಲಯ ಅಂದ್ರೆ ಆಗ್ಲಿಕ್ಕಿಲ್ಲ. ಒಂದು ಜನದ ಹೆಸರು ಬೇಕು ನನಗೆ."

"ಇದಕ್ಕೆಲ್ಲ ಈ ಕಾಗದದಲ್ಲಿ ಜಾಗವಿಲ್ಲ."

"ಹಾಗಾದ್ರೆ ನನ್ನ ರುಜುವಿಗೂ ಜಾಗ ಇಲ್ಲ."

ಹೇಳಿ ಅಲ್ಲೇ ಬೆಂಚಿನ ಮೇಲೆ ಕೂತಳು. ಕೂರುವುದು ಅವಳಿಗೆ ಹೊಸತಲ್ಲವಷ್ಟೇ. ಸಂಜೆಯ ಹೊತ್ತಿಗೆ ಸಾಹೇಬರು ಹಾವೂ ಸಾಯದ, ಕೋಲೂ ಮುರಿಯದ ಒಂದು ದಾರಿ ಕಂಡುಕೊಂಡರು. ರುಜುವಿನ ಬಗ್ಗೆ ತಕರಾರು ಇದೆ ಎಂದು ಬರೆದು, ಅವಳ ಪ್ರಶ್ನೆಗಳನ್ನು ಮದ್ರಾಸಿನ ಮೂಲಕ ತಂತಿಯಲ್ಲಿ ಕಳಿಸಿದರು.

ಹದಿನೈದು ದಿನಕ್ಕೆ ಉತ್ತರ ಬಂತು. ವಿದ್ಯಾರ್ಥಿಗಳ ಸುರಕ್ಷತೆಯೇ ಪರಮ ಕಾಳಜಿ, ತಕ್ಕ ವ್ಯವಸ್ಥೆ ಮಾಡಲಾಗಿದೆ.

"ಹೆಸರು ಉಂಟಾ?"

"ಇಲ್ಲ," ಎಂದರು ಬೊನಿಫಾಸ್.

"ಹಾಗಾದ್ರೆ ಉತ್ತರ ಇನ್ನೂ ಬಂದಿಲ್ಲ ಅಂತ ಬರೀರಿ."

ತಿಂಗಳು ಮುಗಿಯಲು ನಾಲ್ಕು ದಿನವಿರುವಾಗ ಲೋಕಯ್ಯ ಜೆಪ್ಪುವಿಗೆ ಬಂದ. ಜಗಲಿಯಲ್ಲಿ ಕೂತು ಎಲೆಯಡಿಕೆಯ ಹರಿವಾಣವನ್ನೂ ಮುಟ್ಟಲಿಲ್ಲ. ಅವನ ಕಣ್ಣು ಕೆಂಪಾಗಿತ್ತು.

"ಕಿನ್ನಿ, ನನಗೂ ಮಗನೇ ಅವ. ಕಣ್ಣೆದುರು ಬರ್ಲಿ ಅಂತ ರುಜು ಹಾಕಿದೆ, ಬೇರೆ ಎಂತದಕ್ಕೂ ಅಲ್ಲ. ನಾಳೆ ಅವನಿಗೆ ಏನಾದ್ರೂ ಆದ್ರೆ ಅದು ನಿನ್ನ ತಲೆಯ ಮೇಲೆ."

"ಹೌದು, ನನ್ನ ತಲೆಯ ಮೇಲೆಯೇ," ಎಂದಳು ಅವಳು. "ಅಷ್ಟೊಂದು ದೊಡ್ಡ ವಿಶ್ವವಿದ್ಯಾಲಯದಲ್ಲಿ ಆ ಮಾತು ಹೇಳ್ಲಿಕ್ಕೆ ಒಬ್ಬರಿಗೆ ಬಾಯಿ ಇಲ್ಲ. ನನಗೆ ಉಂಟು. ಆದ್ರೆ ನಾನು ಇಲ್ಲಿ ಇದ್ದೇನೆ. ಅಲ್ಲಿ ಒಬ್ಬರು ಬೇಕು."

ಲೋಕಯ್ಯ ಎದ್ದು ಕಂಕನಾಡಿಗೆ ಹೊರಟ. ಅವನು ಹೋದ ಮೇಲೆ ಅವಳು ಮುಟ್ಟದ ಹರಿವಾಣವನ್ನು ಒಳಗೆ ತೆಗೆದಿಟ್ಟಳು. ಹಟದಲ್ಲಿ ಮಗನನ್ನು ಕಳೆದುಕೊಳ್ಳುತ್ತೇನೋ ಎಂಬ ಹೆದರಿಕೆ ಆ ದಿನ ಮೊದಲ ಸಲ ಅವಳಿಗೆ ಬಂತು.

ಮರುದಿನ ಬೆಳಿಗ್ಗೆ ತಂತಿಯವನು ಕಾರ್ಖಾನೆಗೆ ಬಂದ. ಅದು ಬಂದದ್ದು ಜಿಲ್ಲಾ ಕಚೇರಿಗಲ್ಲ, ಅವಳ ಹೆಸರಿಗೇ. ಬೊನಿಫಾಸ್ ಎರಡು ಸಲ ಓದಿಕೊಂಡು ಆಮೇಲೆ ಗಟ್ಟಿಯಾಗಿ ಹೇಳಿದರು: "ನಿಮ್ಮ ಪ್ರಶ್ನೆ ಕೇಳಿದೆ. ಬೋಜನ ಹೆಸರು ಕರೆಯುವವಳು ನಾನು. ಹುಡುಕಲು ಹೋಗುವವಳೂ ನಾನು. ಐರಿನ್, ಹಾಸ್ಟೆಲಿನ ಅಡುಗೆಯವಳು."

ನಡೆದದ್ದು ಆಮೇಲೆ ಬೋಜನ ಕಾಗದದಿಂದ ಗೊತ್ತಾಯಿತು. ವಿಶ್ವವಿದ್ಯಾಲಯದವರು ಅವನನ್ನು ಕರೆದು, ನಿನ್ನ ತಾಯಿ ಎಂಥ ಹೆಂಗಸಪ್ಪಾ ಎಂದು ಗದರಿದರಂತೆ. ಅವನು ಸಪ್ಪೆ ಮೋರೆ ಹಾಕಿಕೊಂಡು ಊಟಕ್ಕೆ ಕೂತಿದ್ದಾಗ ಐರಿನ್ ವಿಷಯ ಕೇಳಿದಳಂತೆ. ಕೇಳಿ, ಎಪ್ರನ್ನು ಬಿಚ್ಚಿಟ್ಟು, ತನ್ನ ದುಡ್ಡಿನಲ್ಲೇ ತಂತಿ ಕಳಿಸಲು ಹೋದಳಂತೆ.

ಕಿನ್ನಿ ಅದೇ ದಿನ ಕಚೇರಿಗೆ ಹೋದಳು. ಅಲ್ಲೇ ಇಟ್ಟುಕೊಳ್ಳುವುದು ಎಂಬ ಎರಡನೆಯ ಚೌಕದಲ್ಲಿ, ವಿಶ್ವವಿದ್ಯಾಲಯ ಹೊಣೆಯಲ್ಲ ಎಂಬ ಸಾಲನ್ನು ಬೊನಿಫಾಸರಿಂದ ತೋರಿಸಿಕೊಂಡು, ಅದರ ಮೇಲೆ ಉದ್ದಕ್ಕೆ ಗೀಟು ಎಳೆದಳು. ಸಾಹೇಬರು ಅಯ್ಯಯ್ಯೋ ಎನ್ನುವಷ್ಟರಲ್ಲಿ ಕೆಳಗೆ ಕಿನ್ನಿ ಎಂದು ಬರೆದೂ ಆಗಿತ್ತು.

ಆಮೇಲಿನ ಹತ್ತು ತಿಂಗಳು ಅವಳು ಹೇಗೆ ಕಳೆದಳೆಂದು ಯಾರಿಗೂ ಹೇಳಲಿಲ್ಲ. ಬೈಗುಳ ಕಡಿಮೆಯಾಯಿತು, ಊಟವೂ ಕಡಿಮೆಯಾಯಿತು. ಬಾಂಬಿನ ಗಂಟೆ ಹೊಡೆದ ರಾತ್ರಿಗಳಲ್ಲೆಲ್ಲ ಐರಿನ್ ತನ್ನ ಹೆಸರು ಕರೆದು ಓ ಎನಿಸಿಕೊಳ್ಳುತ್ತಾಳೆ ಎಂದು ಬೋಜ ಬರೆಯುತ್ತಿದ್ದ. ಟಪ್ಪಾಲಿನವನು ಬರುವ ಹೊತ್ತಿಗೆ ಅವಳು ಬೇಕೆಂದೇ ಭಟ್ಟಿಯ ಆಚೆ ಕೆಲಸ ಹುಡುಕಿಕೊಳ್ಳುತ್ತಿದ್ದಳು.

ನಲವತ್ತೊಂದರಲ್ಲಿ, ಶ್ರಾವಣದ ಹುಣ್ಣಿಮೆಯ ಮರುದಿನ, ದಪ್ಪ ಲಕೋಟೆಯೊಂದು ಬಂತು. ಮೇಲೆ ವಿಶ್ವವಿದ್ಯಾಲಯದ ಮುದ್ರೆ, ಹೆಸರು ಲೋಕಯ್ಯನದು.

"ಅವರನ್ನು ಕರೆಸುವುದಾ?" ಎಂದು ಬೊನಿಫಾಸ್ ಕೇಳಿದರು.

"ಹೆಸರು ಯಾರದ್ದಾದ್ರೂ ಇರ್ಲಿ, ಮಗ ನನ್ನವ. ಹರೀರಿ."

ಬೋಜ ಮೊದಲ ದರ್ಜೆಯಲ್ಲಿ ಪಾಸಾಗಿದ್ದ. ಅಲ್ಲಿಯೇ ಒಂದು ಕಾರ್ಖಾನೆಯಲ್ಲಿ ಕೆಲಸವೂ ಸಿಕ್ಕಿತ್ತು; ಸಮುದ್ರ ಶಾಂತವಾದ ಮೇಲೆ ಊರಿಗೆ ಬರುವುದಂತೆ. ಬೊನಿಫಾಸ್ ಕಣ್ಣು ಒರೆಸಿಕೊಂಡು ಕೊನೆಯ ಸಾಲು ಓದಿದರು. ಈ ಕಠಿಣ ಕಾಲದಲ್ಲಿ ತಮ್ಮ ಮಗನನ್ನು ಸುರಕ್ಷಿತವಾಗಿ ಕಾಪಾಡಲು ಸಾಧ್ಯವಾದುದಕ್ಕೆ ವಿಶ್ವವಿದ್ಯಾಲಯ ಹೆಮ್ಮೆಪಡುತ್ತದೆ.

ಕಿನ್ನಿಗೆ ಅಳುವೂ ನಗುವೂ ಸಿಟ್ಟೂ ಒಟ್ಟಿಗೇ ಬಂತು.

"ಕಾಪಾಡಿದ್ದು ಇವರಾ! ಹೊಣೆ ಬೇಡ ಅಂದವರಿಗೆ ಹೆಮ್ಮೆ ಬೇಕಂತೆ! ಪೊರ್ಬುಗಳೇ, ಒಂದು ಕಾಗದ ಬರೀರಿ."

"ವಿಶ್ವವಿದ್ಯಾಲಯಕ್ಕಾ?"

"ಅದು ಯಾರು? ಅವರ ಗುರ್ತ ನನಗಿಲ್ಲ. ಐರಿನಕ್ಕನಿಗೆ ಬರೀರಿ." ಸೆರಗಿನಿಂದ ಮುಖ ಒರೆಸಿಕೊಂಡು ಅವಳು ಹೇಳತೊಡಗಿದಳು, ಬೊನಿಫಾಸ್ ಬರೆದುಕೊಂಡರು. "ನನ್ನ ಮಗ ನಿಮ್ಮ ಕೈಯಲ್ಲಿ ಬದುಕಿದ. ಯುದ್ಧ ಮುಗಿದ ಮೇಲೆ ನೀವು ನನ್ನ ಮನೆಗೆ ಬರ್ಬೇಕು. ಹಡಗು ಯಾವುದಂತ ಮೊದಲೇ ತಿಳಿಸಿ, ನಾನೇ ಬಂದರಿಗೆ ಬರ್ತೇನೆ. ನಿಮ್ಮ ಹೊಣೆ ನನ್ನದು."