ಚಿತಾಲಿಷ್ಟೆಯ ಫೋಟೋ

ಪಕ್ಕದ ಮನೆ ಬಾಗಿಲು ತಟ್ಟೋಕೆ ಆಗೆಲ್ಲ ಮೊದಲೇ ಮೆಸೇಜ್ ಹಾಕಬೇಕಿರಲಿಲ್ಲ. ಅಡಿಲೇಡ್‌ನ ಗ್ಲೆನೆಲ್ಗ್‌ನಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿ ರಾದ್ಕಾ ಆಂಟಿ ಒಬ್ಬರೇ ಇದ್ದರು. ಬಲ್ಗೇರಿಯಾದವರು, ಎಪ್ಪತ್ತು ದಾಟಿತ್ತು. ನಾನು ಸ್ಕೂಲಿಂದ ಬರುವ ಹೊತ್ತಿಗೆ ಅವರ ಓವನ್ನಿನ ಬೆಣ್ಣೆ, ಚೀಸಿನ ಘಮ ಮೆಟ್ಟಿಲವರೆಗೂ ಬರುತ್ತಿತ್ತು.

ಐದನೇ ಕ್ಲಾಸಿನಲ್ಲಿ ಬೇರೆ ದೇಶದ ಸಾರ್ವಜನಿಕ ಸಂಸ್ಥೆಯೊಂದರ ಬಗ್ಗೆ ಚಾರ್ಟ್ ಮಾಡಿ ಅಂದರು. ಆಂಟಿ ಹತ್ತಿರ ಓಡಿದೆ. ಅವರು ಆಲ್ಬಮ್ ಬಿಚ್ಚಿ ಚಿತಾಲಿಷ್ಟೆ ತೋರಿಸಿದರು. ಒಟ್ಟೋಮನ್ ದೊರೆಗಳ ಕೈಕೆಳಗಿದ್ದಾಗಲೇ ಊರಿನವರು ಸೇರಿ ಶುರು ಮಾಡಿದ ಓದಿನ ಮನೆಗಳಂತೆ. ಓದು ಬಂದವರು ಪತ್ರಿಕೆ ಗಟ್ಟಿಯಾಗಿ ಓದೋರು, ಬಾರದವರು ಕೇಳೋರು. ನಾಟಕ, ಹಾಡು, ಜಗಳ ಎಲ್ಲ ಅಲ್ಲೇ.

"ನಮ್ಮದೇ ಸರ್ಕಾರ ಬಂದಿದ್ದು ಆಮೇಲೆ," ಅಂದರು ಆಂಟಿ. ಫೋಟೋದಲ್ಲಿ ಅವರೂರಿನ ಚಿತಾಲಿಷ್ಟೆ, ಬಾಗಿಲ ಪಕ್ಕ ಅವರಪ್ಪ. ಅಪ್ಪನದು ಅಂತ ಉಳಿದಿದ್ದು ಅದೊಂದೇ ಫೋಟೋ.

ಮನೆಯಲ್ಲಿ ಹೇಳಿದರೆ ಅಮ್ಮ, "ಚಿತೆ ಗಿತೆ ಅಂತೀಯಲ್ಲೇ ದೀಪ ಹಚ್ಚೋ ಹೊತ್ತಲ್ಲಿ! ಬಿಡ್ತು ಅನ್ನು!" ಅಂತ ಬೈದರು.

ಮಾರನೇ ದಿನ ಹೋದಾಗ ಆಂಟಿ ಊರಲ್ಲಿದ್ದ ತಮ್ಮ ಅಕ್ಕನ ಜೊತೆ ಫೋನಿನಲ್ಲಿದ್ದರು. "ಈ ಫೋಟೋ ಚಾರ್ಟಿಗೆ ಅಂಟಿಸ್ಲಾ?" ಅಂದೆ. ಅವರು ಮಾತಾಡುತ್ತಲೇ ತಲೆ ಮೇಲೆ ಕೆಳಗೆ ಆಡಿಸಿದರು. ನಮ್ಮಲ್ಲಿ ಅದು ಹೂಂ, ಅವರಲ್ಲಿ ಊಹೂಂ. ಅವರೇ ನನಗೆ ಹೇಳಿಕೊಟ್ಟು, ನಗಿಸಿದ್ದರು ಕೂಡ. ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಫೋಟೋ ತಂದುಬಿಟ್ಟೆ. ಚಾರ್ಟಿಗೆ ಕಟ್ಟಡ ಸಾಕಿತ್ತು, ಸುತ್ತ ನೀಟಾಗಿ ಕತ್ತರಿಸಿದೆ. ಉಳಿದ ಚೂರು ಕಸದ ಗಾಡಿಗೆ ಹೋಯಿತು.

ಸ್ಕೂಲಿನ ಪ್ರದರ್ಶನಕ್ಕೆ ಆಂಟಿ ಒಳ್ಳೆಯ ಕೋಟು ಹಾಕಿಕೊಂಡು ಬಂದರು. ಚಾರ್ಟಿನ ಮುಂದೆ ತುಂಬ ಹೊತ್ತು ನಿಂತರು.

"ಪಪ್ಪಾ ಎಲ್ಲಿ?"

"ನೀವೇ ಹೂಂ ಅಂತ ತಲೆ ಆಡಿಸಿದ್ರಲ್ಲ ಆಂಟಿ," ಅಂದೆ.

ಅವರು ನನ್ನ ಕೈ ಹಿಡಿದುಕೊಂಡರು. "ನನ್ನದೇ ತಪ್ಪು ಕಂದಾ. ಇಷ್ಟು ವರ್ಷವಾದರೂ ಈ ತಲೆ ಇನ್ನೂ ಊರಲ್ಲೇ ಇದೆ." ಅಂದಿದ್ದಷ್ಟೇ ಅಲ್ಲ, ನನ್ನನ್ನು ಬೈಯಬೇಡಿ ಅಂತ ಅಮ್ಮನ ಹತ್ತಿರ ತಾವೇ ಕ್ಷಮೆಯನ್ನೂ ಕೇಳಿದರು. ಛೀ, ನಾನೂ ಹೌದು ಅಂತ ತಲೆ ಆಡಿಸಿದೆ.

ಈಗ ನಾವಿರೋದು ಪರ್ತ್‌ನ ಪಿಯಾರಾ ವಾಟರ್ಸ್‌ನಲ್ಲಿ. ಹಿತ್ತಿಲಲ್ಲಿ ಬಾರ್ಬೆಕ್ಯೂ ಊಟಕ್ಕೆ ಜನ ಸೇರಿದಾಗೆಲ್ಲ ಅಮ್ಮ ಈ ತಲೆಯಾಡಿಸಿದ ಕತೆ ಹೇಳುತ್ತಾರೆ, ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ, ನಾನೂ ನಗುತ್ತೇನೆ. ನಾಚಿಕೆಯಿಂದ ಮೈಯೆಲ್ಲ ಹಿಡಿಯಾಗುತ್ತದೆ, ಆದರೂ ಬಾಯಿ ಬಿಟ್ಟಿಲ್ಲ. ಆಂಟಿ ತೀರಿಹೋಗಿ ನಾಲ್ಕು ವರ್ಷವಾಯಿತು. ಅವರಪ್ಪನ ಮುಖವನ್ನು ಕೊನೆಯ ಸಲ ನೋಡಿದವಳು ನಾನು, ಕತ್ತರಿ ಹಿಡಿದುಕೊಂಡು. ಅವರಿಗೆ ಮೀಸೆ ಇತ್ತೋ ಇಲ್ಲವೋ, ಅದೂ ನನಗೆ ನೆನಪಿಲ್ಲ.