ಮಿಷನ್ನಿನ ಅಡಿಯ ನೀಲಿ ಗೀಟು

ದರ್ಜಿಗೆ ತನ್ನ ನೆರಳಿನ ಅಳತೆಯ ಮೇಲೂ ಅನುಮಾನ. ಹದಿನೆಂಟು ವರ್ಷ ಪರರ ಅಂಗಡಿಯಲ್ಲಿ ಕಾಜಾ ಹೊಲಿದು, ಈಗ ಸ್ವಂತ ಅಂಗಡಿಗೆಂದು ಕೋಣೆ ಹಿಡಿದಿದ್ದ. ಬೇಕಾದದ್ದು ಹೊಲಿಗೆ ಮಿಷನ್ನು, ಇಲ್ಲದ್ದು ಅದಕ್ಕೆ ದುಡ್ಡು. ಹಾಗಾಗಿ ಮಸೀದಿ ಪಕ್ಕದ ಹಳೆ ಸಾಮಾನಿನ ಸಾಹುಕಾರನ ಹತ್ತಿರ ಹೋದ.

“ಮುಚ್ಚಿದ ಗಾರ್ಮೆಂಟ್ಸಿನಲ್ಲಿ ಒಂದಿದೆ. ನಾನು ಎಂಟು ಸಾವಿರಕ್ಕೆ ಕೊಳ್ತೀನಿ, ನಿಮಗೆ ಒಂಬತ್ತಕ್ಕೆ ಮಾರ್ತೀನಿ. ಹತ್ತು ಕಂತು. ತಡವಾದ್ರೂ ಒಂಬತ್ತೇ.”

“ಬಡ್ಡಿಗೆ ಹೊಸ ಅಂಗಿ ತೊಡಿಸಿ ಲಾಭ ಅಂತೀರಿ, ಸಾಹುಕಾರ್ರೇ.”

“ದುಡ್ಡು ಕೊಟ್ಟು ಹೆಚ್ಚು ದುಡ್ಡು ತಗೊಂಡ್ರೆ ಬಡ್ಡಿ, ಮಾಸ್ಟ್ರೇ. ಇಲ್ಲಿ ಸರಕು ಮೊದಲು ನನ್ನದಾಗಬೇಕು. ನನ್ನ ಕೈಯಲ್ಲಿದ್ದಾಗ ಮುರಿದ್ರೆ ನಷ್ಟ ನಂದು. ಆ ನಷ್ಟದ ಭಾರ ಹೊತ್ತಿದ್ದಕ್ಕೇ ನಮ್ಮ ಶರಿಯತ್ತು ಲಾಭ ಒಪ್ಪೋದು. ಇವತ್ತು ಬರೀ ಮಾತು. ವ್ಯಾಪಾರ ಮಿಷನ್ ನನ್ನ ಅಂಗಡಿಗೆ ಬಂದ ಮೇಲೆ.”

ದರ್ಜಿಗೆ ಇದು ಹಿಡಿಸಲಿಲ್ಲ. ಗಾರ್ಮೆಂಟ್ಸು ಇರುವುದು ಅವನ ಕೋಣೆಯ ಎದುರಿಗೇ. ಊರೆಲ್ಲ ಸುತ್ತಿಸುವುದೇಕೆ? ಬೇರೆ ಮಿಷನ್ನು ತಂದಿಟ್ಟು ಕೈ ತೊಳೆದುಕೊಳ್ಳಲು.

“ನಮ್ಮ ಮದುವೆಯಲ್ಲೂ ಹುಡುಗೀನ ಬದಲಾಯಿಸ್ತಾರೆ ಅಂತ ಕಾಯ್ತಾ ಕೂತಿದ್ರಲ್ಲ,” ಎಂದಳು ಮನೆಯಲ್ಲಿ ಇದನ್ನು ಕೇಳಿದ ಹೆಂಡತಿ.

ಮರುದಿನ ಗಾರ್ಮೆಂಟ್ಸಿನ ಕಾವಲುಗಾರನ ಕಣ್ಣು ತಪ್ಪಿಸಿ ದರ್ಜಿ ಮಿಷನ್ನಿನ ಅಡಿಗೆ ಬಗ್ಗಿ, ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಲ್ಲಿ ಎರಡು ನೀಲಿ ಗೀಟು ಎಳೆದ. ಸಾಹುಕಾರನ ಗಾಡಿ ಹೊರಟಾಗ ಹಿಂದೆಯೇ ನಡೆದ. ತಿರುವಿನಲ್ಲಿ ಹಗ್ಗ ಸಡಿಲಾಗಿ ಮಿಷನ್ನು ದಬ್ಬೆಂದು ಬಿತ್ತು, ಕೈಚಕ್ರ ಮುರಿಯಿತು. ದರ್ಜಿ ಗೋಡೆಯ ಮರೆಗೆ ಸರಿದ. ಹೇಳ್ತಾನೋ, ನುಂಗ್ತಾನೋ, ನೋಡೋಣ.

ಎರಡು ದಿನದ ಮೇಲೆ ಕರೆ ಬಂತು. ಅಂಗಡಿಯಲ್ಲಿದ್ದ ಮಿಷನ್ನು ಎಣ್ಣೆ ಉಂಡು ಫಳಫಳ ಹೊಳೆಯುತ್ತಿತ್ತು. ದರ್ಜಿಗೆ ಖಾತ್ರಿಯಾಯಿತು: ಇದು ಅದಲ್ಲ.

“ಮೊದಲು ಕುಂದು ಹೇಳಿಬಿಡ್ತೀನಿ,” ಎಂದ ಸಾಹುಕಾರ. “ದಾರಿಯಲ್ಲಿ ಬಿತ್ತು, ಚಕ್ರ ಹೊಸದು. ಅದರ ಖರ್ಚು ನಂದು, ನಿಮ್ಮ ಬೆಲೆಗೆ ಸೇರಲ್ಲ. ಡ್ರಾಯರಿಗೆ ಬೀಗ ಕೂರಲ್ಲ. ಇನ್ನೊಂದು, ಅಡಿಯಲ್ಲಿ ಯಾರೋ ದರ್ಜಿ ಗೀಟು ಎಳೆದಿದ್ದಾನೆ. ಮಿಕ್ಕಿದ್ದೆಲ್ಲ ಒರೆಸಿದೆ, ಅದನ್ನ ಬಿಟ್ಟೆ. ಪಾಪ, ಅವನಿಗೆ ಗುರುತು ಸಿಗಬೇಕಲ್ಲ. ಬೇಡ ಅನ್ಸಿದ್ರೆ ಈಗಲೂ ಬಿಡಿ.”

ದರ್ಜಿ ಬಗ್ಗಿ ನೋಡಿದ. ಎರಡೂ ಗೀಟು ಇದ್ದವು.

“ಒಪ್ಪಿದೆ,” ಎಂದ, ನೆಲ ನೋಡುತ್ತ.

“ಹಾಗಾದ್ರೆ ಈ ಗಳಿಗೆಯಿಂದ ಅದು ನಿಮ್ಮದು.”

ಮಿಷನ್ನನ್ನು ಗಾಡಿಗೆ ಏರಿಸಿದರು. ದರ್ಜಿ ಹಗ್ಗವನ್ನು ಒಮ್ಮೆ ಜಗ್ಗಿ ನೋಡಿದ. ನಾಲ್ಕು ಹೆಜ್ಜೆ ನಡೆದು, ಗಾಡಿ ನಿಲ್ಲಿಸಿ, ಮತ್ತೊಮ್ಮೆ ಜಗ್ಗಿದ. ಈಗ ಬಿದ್ದರೆ ನಷ್ಟ ಅವನದೇ.